ಉತ್ತರ: ಧಾತುವಿನ ಅರ್ಥ ಗೊತ್ತಿದ್ದರೂ ವಾಕ್ಯದಲ್ಲಿ ಕೈಕೊಡುವುದೇಕೆ?

ಮೇಡಂ, ಸಂಸ್ಕೃತ ಒಂದು ಹದಕ್ಕೆ ಬಂದಿದೆ, ಲ್ಯಾಟಿನ್ ಈಗ ಶುರು ಮಾಡಿದ್ದೀನಿ, ಕ್ರಿಯಾಪದಗಳ ಪಟ್ಟಿ ಬಾಯಿಪಾಠವಾದರೂ ಓದುವಾಗ ಅರ್ಥ ಕೂರುತ್ತಿಲ್ಲ ಅಂತ ಕೇಳಿದ್ದೀರಿ. ಕಾರಣ ನೀವು ಹಾಕಿರುವ ನೋಟ್ ಪುಸ್ತಕದ ಫೋಟೋದಲ್ಲೇ ಇದೆ: ಪ್ರತಿ ಧಾತುವಿನ ಮುಂದೆ ಒಂದೊಂದು ಇಂಗ್ಲಿಷ್ ಪದ. ಅದನ್ನು ಹೊಡೆದುಹಾಕಿ, ಕನ್ನಡದ ಪೂರ್ತಿ ಕ್ರಿಯಾಪದ ಬರೆಯಿರಿ, "ಕೊಳ್ಳು", "ಅಂತೆ" ಎಲ್ಲ ಸಮೇತ. ಈ ಎರಡು ಭಾಷೆಗಳ ಅರ್ಧ ತೊಡಕು ಅಲ್ಲೇ ಬಿಡಿಸಿಕೊಳ್ಳುತ್ತದೆ.

ಮೊದಲು "ಕೊಳ್ಳು". ಬೇರೆಯವರಿಗಾಗಿ ಪುರೋಹಿತರು ಯಜ್ಞ ಮಾಡಿದರೆ ಯಜತಿ (ಈ ರೂಪ ಪರಸ್ಮೈಪದ), ಫಲ ತನಗೇ ಬರಲೆಂದು ಯಜಮಾನ ಮಾಡಿದರೆ ಯಜತೇ (ಇದು ಆತ್ಮನೇಪದ). ಪಚತಿ ಅಂದರೆ ಅಡುಗೆ ಮಾಡುತ್ತಾನೆ, ಪಚತೇ ಅಂದರೆ ಮಾಡಿಕೊಳ್ಳುತ್ತಾನೆ. ಪಾಣಿನಿಯ 1.3.72ನೇ ಸೂತ್ರ ಹೇಳುವುದು ಇದನ್ನೇ. ಆದರೆ ಇದು ಉಭಯಪದಿ, ಅಂದರೆ ಎರಡೂ ರೂಪ ಇರುವ ಧಾತುಗಳಿಗೆ ಮಾತ್ರ. ಲಭತೇ, ವಂದತೇ ಇರುವುದೇ ಹಾಗೆ, ಅಲ್ಲಿ ಸ್ವಾರ್ಥ ಹುಡುಕಬೇಡಿ. ಉಭಯಪದಿಗಳಲ್ಲೂ ಕವಿಗಳು ಛಂದಸ್ಸಿಗೆ ಬೇಕಾದ ರೂಪ ಹಾಕಿಕೊಂಡುಬಿಡುತ್ತಾರೆ.

ಪರಸ್ಮೈಪದ ಆತ್ಮನೇಪದವಾದರೆ ಅರ್ಥವೇ ಬದಲಾಗುವ ಧಾತುಗಳನ್ನು ಮಾತ್ರ ಬೇರೆ ಪುಟದಲ್ಲಿಡಿ. ಭುಜ್ ನೋಡಿ. ಭುಂಕ್ತೇ ಅಂದರೆ ಉಣ್ಣುತ್ತಾನೆ, ಅನುಭವಿಸುತ್ತಾನೆ. ಮಹೀಂ ಭುನಕ್ತಿ ಅಂದರೆ ನೆಲವನ್ನು ಪಾಲಿಸುತ್ತಾನೆ (1.3.66). ಇದನ್ನು ಅದಲುಬದಲು ಮಾಡಿದರೆ ರಾಜ್ಯ ಕಾಯಬೇಕಾದ ದೊರೆ ರಾಜ್ಯ ತಿಂದುಹಾಕುತ್ತಾನೆ. ಅದೂ ನಡೆಯದ್ದೇನಲ್ಲ, ವ್ಯಾಕರಣದ ಪ್ರಕಾರ ತಪ್ಪು ಅಷ್ಟೆ.

ಲ್ಯಾಟಿನ್‌ನಲ್ಲಿ ನಿಮಗೆ ತಲೆನೋವಾಗಿರುವ ಸೆಕ್ವಿತುರ್ (ಹಿಂಬಾಲಿಸುತ್ತಾನೆ), ಮೊರಿತುರ್ (ಸಾಯುತ್ತಾನೆ) ಈ ಆತ್ಮನೇಪದದ ದಾಯಾದಿಗಳು. ರೂಪ ಕರ್ಮಣಿಯದು, ಅರ್ಥ ಕರ್ತರಿಯದು. ಸೆಕ್ವಿತುರ್ ಪಕ್ಕದಲ್ಲಿ ವೇದದ ಸಚತೇ, ಮೊರಿತುರ್ ಪಕ್ಕದಲ್ಲಿ ಮ್ರಿಯತೇ ಬರೆದುಕೊಳ್ಳಿ. ಮ್ರಿಯತೇ ಓದಿ "ಸಾಯಲ್ಪಡುತ್ತಾನೆ" ಅಂತ ಯಾರೂ ಅನ್ನುವುದಿಲ್ಲ. ಸೆಕ್ವಿತುರ್‌ಗೆ "ಹಿಂಬಾಲಿಸಲ್ಪಡುತ್ತಾನೆ" ಅನ್ನುವುದೂ ಅದೇ ತಪ್ಪು.

ಇನ್ನೊಂದು, ಲ್ಯಾಟಿನ್ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ, ದೇವನಾಗರಿಯಲ್ಲಿ ಬೇಡ. ಎ-ಏ, ಒ-ಓ ಭೇದ ನಮ್ಮ ಲಿಪಿಯಲ್ಲಿದೆ, ಲ್ಯಾಟಿನ್‌ಗೆ ಅದು ಬೇಕೇಬೇಕು. ವೆನಿತ್ ಅಂದರೆ ಬರುತ್ತಾನೆ, ವೇನಿತ್ ಅಂದರೆ ಬಂದ. ಲೆಗಿತ್ ಓದುತ್ತಾನೆ, ಲೇಗಿತ್ ಓದಿದ. ಒಕ್ಕಿದೋ ಅಂದರೆ ಬೀಳುತ್ತೇನೆ, ಸಾಯುತ್ತೇನೆ. ಒಕ್ಕೀದೋ ಅಂದರೆ ಕೊಲ್ಲುತ್ತೇನೆ. ಒಂದು ದೀರ್ಘ ಬಿಟ್ಟರೆ ಕೊಂದವನೇ ಸತ್ತ.

ಉಪಸರ್ಗದ ವಿಷಯ ಸ್ವಲ್ಪ ಉದ್ದ. ಕ್ರಾಫರ್ಡ್ ಹಾಲ್ ಕಡೆ ಓಡಾಡುವವರು ಮೈಸೂರು ವಿಶ್ವವಿದ್ಯಾನಿಲಯದ ಲಾಂಛನ ನೋಡಿರುತ್ತೀರಿ: "ಸತ್ಯಮೇವೋದ್ಧರಾಮ್ಯಹಮ್". ಬಿಡಿಸಿ: ಸತ್ಯಂ, ಏವ, ಉದ್ಧರಾಮಿ, ಅಹಮ್. ಉದ್ಧರಾಮಿಯಲ್ಲಿ ಇರುವುದು ಉತ್ + ಹೃ. ಸಂಧಿಯಲ್ಲಿ ಹಕಾರ ಧಕಾರವಾಗಿದೆ. ಹೃ ಅಂದರೆ ಒಯ್ಯು, ಉತ್ ಅಂದರೆ ಮೇಲಕ್ಕೆ. ಈಗ ದೇವರಮನೆಗೆ ಹೋಗಿ. ಪಂಚಪಾತ್ರೆಯ ಜೊತೆಗಿರುವ ಪುಟ್ಟ ಚಮಚ ಉದ್ಧರಣೆ, ನೀರನ್ನು ಒಳಗಿಂದ ಎತ್ತುವುದು. ಒಬ್ಬರ ಮಾತನ್ನು ಅವರ ಬರಹದಿಂದ ಎತ್ತಿ ತಂದರೆ ಹಾಕುವ ಗುರುತು ಉದ್ಧರಣ ಚಿಹ್ನೆ. ಮನೆಯಲ್ಲಿ ಬೈಯುವಾಗ "ನೀನು ಉದ್ಧಾರ ಆದ ಹಾಗೇ" ಅನ್ನುವುದೂ ಇದರ ಸಂತಾನ. ನಾಲ್ಕೂ ಕಡೆ ಚಿತ್ರ ಒಂದೇ, ಒಳಗಿದ್ದದ್ದನ್ನು ಮೇಲಕ್ಕೆ ತೆಗೆಯುವುದು. ನಿಮ್ಮ ಪುಟದಲ್ಲಿ ಇಂಥ ಚಿತ್ರ ಇರಬೇಕು, ಪರ್ಯಾಯ ಪದಗಳ ಸಾಲಲ್ಲ.

ಲ್ಯಾಟಿನ್‌ನ ತೊಲ್ಲೋ ಕೂಡ ಎತ್ತುವುದೇ. ಮೇಲೇರಿಸು ಎಂದೂ ಆಗುತ್ತದೆ, ತೆಗೆದುಹಾಕು ಎಂದೂ ಆಗುತ್ತದೆ. ಮುಂದೆ ರೋಮಿನ ಚಕ್ರವರ್ತಿಯಾದ ಆಕ್ಟೇವಿಯನ್ ತರುಣನಾಗಿದ್ದಾಗ, ಅವನನ್ನು ಹೊಗಳಬೇಕು, ಗೌರವಿಸಬೇಕು, "ತೊಲ್ಲೆಂದುಮ್" (ಎತ್ತಬೇಕು) ಅಂತ ರೋಮಿನ ವಾಗ್ಮಿ ಸಿಸೆರೋ ಆಡಿದನೆನ್ನುವ ಮಾತಿನ ಚುಚ್ಚು ಇರುವುದು ಈ ದ್ವಂದ್ವದಲ್ಲೇ. ನಮ್ಮ "ಎತ್ತಿ ಹಿಡಿ" ಮತ್ತು "ಎತ್ತಂಗಡಿ" ಒಟ್ಟಿಗೆ ನೆನಪಿಟ್ಟರೆ ಸಾಕು.

ಕನ್ನಡ ಮೋಸ ಮಾಡುವ ಜಾಗವೂ ಇದೇ. ನಮಗೆ ಆಹಾರ ಅಂದರೆ ಊಟ, ಆದರೆ ಜಲಮ್ ಆಹರತಿ ಅಂದರೆ ನೀರು ತರುತ್ತಾನೆ. ಪ್ರತಿಷ್ಠತೇ ಕಂಡಾಗ ದೇವರ ಪ್ರತಿಷ್ಠಾಪನೆ ನೆನಪಾಗಿ "ನೆಲೆಗೊಳ್ಳುತ್ತಾನೆ" ಅಂತ ಬರೆಯುತ್ತಾರೆ. ಅಲ್ಲಿರುವುದು ಪ್ರ, ಪ್ರತಿ ಅಲ್ಲ; ಅರ್ಥ ಹೊರಡುತ್ತಾನೆ, ಪ್ರಸ್ಥಾನ ಎಂಬಲ್ಲಿ ಇರುವ ಹಾಗೆ. ನೆಲೆಗೊಳ್ಳುವುದಕ್ಕೆ ಪ್ರತಿತಿಷ್ಠತಿ. ಲ್ಯಾಟಿನ್‌ನಲ್ಲಿ ಉಪಸರ್ಗ ಸೇರಿದಾಗ ಧಾತುವಿನ ಸ್ವರ ಸವೆಯುತ್ತದೆ: ಕಪಿಯೋ ಹೋಗಿ ಅಕ್ಕಿಪಿಯೋ, ತೆನೆಯೋ ಹೋಗಿ ಕೊಂತಿನೆಯೋ. ಮೂಲ ಧಾತು ಸಿಗದಿದ್ದರೆ ಇಕಾರದ ಜಾಗಕ್ಕೆ ಅ ಅಥವಾ ಎ ಹಾಕಿ ಹುಡುಕಿ.

ಭೂತಕಾಲಕ್ಕೆ "ಅಂತೆ". ಸಂಸ್ಕೃತದಲ್ಲಿ ಭೂತಕ್ಕೆ ಮೂರು ಲಕಾರ, ಅಂದರೆ ಕಾಲರೂಪ: ಲಙ್ ಈ ದಿನದ್ದಲ್ಲದ ಭೂತ, ಲುಙ್ ಸಾಮಾನ್ಯ ಭೂತ, ಲಿಟ್ ಕಣ್ಣಿಗೆ ಕಾಣದ್ದು. ಜಗಾಮ ಅಂದರೆ ಹೋದನಂತೆ. ಹಾಗಾದರೆ ಲಿಟ್ ಉತ್ತಮಪುರುಷದಲ್ಲಿ ಹೇಗೆ ಬರುತ್ತದೆ, ನಾನು ಮಾಡಿದ್ದು ನನಗೇ ಕಾಣದೆ ಇರುತ್ತದೆಯೇ? ವೈಯಾಕರಣರ ಉದಾಹರಣೆ: ಸುಪ್ತೋಽಹಂ ಕಿಲ ವಿಲಲಾಪ. ನಿದ್ದೇಲಿ ಬಡಬಡಿಸಿದ್ನಂತೆ! ಇಷ್ಟು ಸಲೀಸಾಗಿ ಇಂಗ್ಲಿಷಿಗೆ ತನ್ನಿ ನೋಡೋಣ. ಕಾವ್ಯದಲ್ಲಿ ಮಾತ್ರ ಈ ಮೂರು ಲಕಾರ ಕಲಸಿಹೋಗಿವೆ, ಅಲ್ಲಿ ಗೆರೆ ಎಳೆಯಲು ಹೋಗಬೇಡಿ. ಲ್ಯಾಟಿನ್‌ನಲ್ಲಿ "ಅಂತೆ" ಇಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆ ಕೆಲಸ ಮುಗಿಯಿತೋ, ನಡೆಯುತ್ತಿತ್ತೋ: ವೇನಿತ್ ಬಂದ, ವೆನಿಯೇಬತ್ ಬರುತ್ತಿದ್ದ.

ವಿಭಕ್ತಿಯನ್ನೂ ಕ್ರಿಯಾಪದದ ಪಕ್ಕದಲ್ಲೇ ಬರೆಯಿರಿ. ನಾವು ಹುಲಿಗೆ ಹೆದರುತ್ತೇವೆ, ಅದಕ್ಕೇ ವ್ಯಾಘ್ರಾಯ ಬಿಭೇತಿ ಅಂತ ಕೈ ಓಡುತ್ತದೆ. ಸರಿಯಾದದ್ದು ಪಂಚಮಿ, ವ್ಯಾಘ್ರಾತ್ ಬಿಭೇತಿ. ಲ್ಯಾಟಿನ್ ತಿಮೆಯೋಗೆ ದ್ವಿತೀಯಾ, ತೋಳವನ್ನು ಹೆದರಬೇಕು: ಲುಪುಮ್ ತಿಮೆಯೋ. ಕೋಪದಲ್ಲಿ ಮಾತ್ರ ಅವೆರಡೂ ಒಂದಾಗುತ್ತವೆ. ಕ್ರುಧ್ಯತಿಗೂ ಈರಾಸ್ಕೊರ್‌ಗೂ ಚತುರ್ಥಿ, ನಮ್ಮದು "ಮೇಲೆ".

ಪ್ರತಿ ಧಾತುವಿಗೆ ಅರ್ಧ ಪುಟ ಬಿಡಿ, ವಾರಕ್ಕೆ 5 ಸಾಕು. ಸಂಸ್ಕೃತಕ್ಕೆ ಗಣ (ಧಾತು ಸೇರಿದ ಗುಂಪು), ಪದ (ಪರಸ್ಮೈಯೋ ಆತ್ಮನೇಯೋ), ಲಟ್ (ವರ್ತಮಾನ), ಲಿಟ್, ಕ್ತಾಂತ (ಭೂತ ಕೃದಂತ). ಲ್ಯಾಟಿನ್‌ಗೆ ನಾಲ್ಕು ಮೂಲರೂಪ: ಫೆರೋ, ಫೆರ್ರೆ, ತುಲೀ, ಲಾತುಮ್. ಗಣ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ವಿದ್ ಒಂದೇ ಸಾಕು: ಅದಾದಿಯಲ್ಲಿ ವೇತ್ತಿ, ತಿಳಿದಿದ್ದಾನೆ, ದಿವಾದಿಯಲ್ಲಿ ವಿದ್ಯತೇ, ಇದೆ, ರುಧಾದಿಯಲ್ಲಿ ವಿಂತ್ತೇ, ವಿಚಾರ ಮಾಡುತ್ತಾನೆ, ತುದಾದಿಯಲ್ಲಿ ವಿಂದತಿ, ಪಡೆಯುತ್ತಾನೆ. ಇವಕ್ಕೆ ನಾಲ್ಕು ಪುಟ ಬೇಕು.

ಎರಡೂ ಭಾಷೆ ಒಟ್ಟಿಗೆ ಕೂರಬೇಕಾದರೆ ರುಧಾದಿಯಿಂದ, ಅಂದರೆ ಧಾತುವಿನ ನಡುವೆ ಅನುನಾಸಿಕ ಸೇರುವ ಗಣದಿಂದ ಶುರು ಮಾಡಿ. ಭಿಂದಂತಿ ಎದುರು ಫಿಂದುಂತ್, ಸೀಳುತ್ತಾರೆ. ಭೂತದಲ್ಲಿ ಎರಡೂ ಕಡೆ ಅನುನಾಸಿಕ ಬಿದ್ದುಹೋಗುತ್ತದೆ: ಬಿಭೇದ, ಫಿದೀ. ಛಿದ್ ಎದುರು ಸ್ಕಿಂದೋ, ಸ್ಕಿದೀ. ರಿಚ್ ಎದುರು ಲಿಂಕ್ವೋ, ಲೀಕ್ವೀ. ಯುಜ್ ಎದುರಿನ ಯುಂಗೋ ಮಾತ್ರ ಯೂಂಕ್ಸೀ ಅಂತ ಅನುನಾಸಿಕ ಉಳಿಸಿಕೊಳ್ಳುತ್ತದೆ. ಅದನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ.