ನಾಲ್ಕು ವರ್ಷವಾದರೂ ನಮ್ಮ ಡಾರ್ವಿನ್ ಆರ್ಕಿಡ್ ಹೂ ಬಿಟ್ಟಿಲ್ಲ, ಏನು ಮಾಡಲಿ?

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ನರ್ಸರಿಯಿಂದ ಒಂದು ಪುಟ್ಟ ಗಿಡ ತಂದೆ. ಮಡಗಾಸ್ಕರ್ ದ್ವೀಪದ್ದು, ಡಾರ್ವಿನ್ ಆರ್ಕಿಡ್ ಅಂತ ಹೇಳಿ ಕೊಟ್ಟರು. ಪ್ಲಾಸ್ಟಿಕ್ ಕುಂಡದಲ್ಲಿ ಕೊಕೊಪೀಟ್ ತುಂಬಿ ಇಟ್ಟಿದ್ದೇನೆ, ದಿನಾ ನೀರು ಹಾಕುತ್ತೇನೆ. ಎಲೆ ಚೆನ್ನಾಗಿದೆ, ಹೂ ಮಾತ್ರ ಇಲ್ಲ. ಬೇರುಗಳು ಕುಂಡದಿಂದ ಹೊರಗೆ ಓಡುತ್ತಿವೆ, ಕತ್ತರಿಸಬೇಕಾ? ಅಂಗಳದ ಮಾವಿನ ಮರಕ್ಕೆ ಕಟ್ಟೋಣ ಅಂದರೆ ನಮ್ಮತ್ತೆ, ಅದು ಬಂದಳಿಕೆ ಥರ ಮರ ತಿನ್ನುತ್ತೆ, ಬೇಡ ಅಂತಾರೆ. ಈ ಹೂವಿನ ಪರಾಗ ಒಯ್ಯುವ ಆ ಊರಿನ ಪತಂಗ ನಮ್ಮಲ್ಲಿ ಇಲ್ಲ ಅಂತ ಹೂ ಬರ್ತಿಲ್ವಾ?
– ಒಬ್ಬ ಓದುಗರು, ಶಿರಸಿ

ಉತ್ತರ: ಮೊದಲು ಕತ್ತರಿ ಒಳಗಿಡಿ. ಆ ಬೇರುಗಳನ್ನು ಮುಟ್ಟಲೇಬೇಡಿ. ಅವು ದಾರಿ ತಪ್ಪಿ ಹೊರಗೆ ಬಂದಿಲ್ಲ, ಗಾಳಿ ಹುಡುಕಿಕೊಂಡು ಬಂದಿವೆ.

ಒಂದು ಕೆಲಸ ಮಾಡಿ. ನಾಳೆ ಬೆಳಿಗ್ಗೆ ನೀರು ಹಾಕುವ ಮೊದಲು ಒಂದು ಬೇರನ್ನು ಹತ್ತಿರದಿಂದ ನೋಡಿ. ಬೆಳ್ಳಿ ಬಣ್ಣಕ್ಕಿರುತ್ತದೆ, ತುದಿ ಮಾತ್ರ ಹಸಿರು. ಅದರ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ನೋಡ್ತಾ ನೋಡ್ತಾ ನೀರು ಬಿದ್ದ ಜಾಗ ಹಸಿರಾಗುತ್ತದೆ. ಬೇರಿನ ಸುತ್ತ ಸ್ಪಂಜಿನಂಥ ಒಂದು ಪದರ ಇದೆ. ಮಳೆ, ಮಂಜು ಬಿದ್ದ ಕೂಡಲೇ ನೀರು ಹೀರಿಕೊಂಡು ಬೇಗ ಒಣಗುವುದು ಅದರ ಗುಣ. ಇಂಥ ಬೇರನ್ನು ಸದಾ ಒದ್ದೆಯಾಗಿರುವ ಕೊಕೊಪೀಟಿನಲ್ಲಿ ಹೂತಿಟ್ಟರೆ ಉಸಿರು ಕಟ್ಟಿ ಕೊಳೆಯುತ್ತದೆ. ನಿಮ್ಮ ಗಿಡ ಈಗ ಹೊರಗಿನ ಬೇರುಗಳ ಬಲದಲ್ಲೇ ಬದುಕಿರುವ ಹಾಗೆ ನನಗೆ ಕಾಣುತ್ತದೆ.

ಮಡಗಾಸ್ಕರ್‌ನಲ್ಲಿ ಇದು ಪೂರ್ವ ಕರಾವಳಿಯ ತಗ್ಗು ಕಾಡಿನ ಗಿಡ. ಮರದ ಕಾಂಡ, ಕೊಂಬೆಗಳಿಗೆ ಬೇರು ಹಬ್ಬಿಸಿ ಕೂರುತ್ತದೆ. ಗಾಳಿ ಚೆನ್ನಾಗಿ ಆಡಬೇಕು, ಬೆಳಕು ಬೀಳಬೇಕು, ಮಳೆ ಬರಬೇಕು, ನೀರು ಮಾತ್ರ ನಿಲ್ಲಬಾರದು. ಇಷ್ಟು ಮನಸ್ಸಿನಲ್ಲಿಟ್ಟುಕೊಂಡರೆ ಸಾಕಣೆಯ ಮುಕ್ಕಾಲು ಪಾಲು ಗೊತ್ತಾದ ಹಾಗೆ.

ನಿಮ್ಮತ್ತೆಯವರ ಹೆದರಿಕೆ ಅರ್ಥವಾಗುತ್ತದೆ, ಬಂದಳಿಕೆ ಹತ್ತಿದ ಮಾವಿನ ಮರದ ಗತಿ ನೋಡಿದವರು ಹಾಗೇ ಹೇಳುವುದು. ಆದರೆ ಬಂದಳಿಕೆ ಕೊಂಬೆಯ ಒಳಕ್ಕೇ ಬೇರಿಳಿಸಿ ರಸ ಹೀರುತ್ತದೆ. ಆರ್ಕಿಡ್ ತೊಗಟೆಯ ಮೇಲೆ ಕೂರುತ್ತದೆ ಅಷ್ಟೆ, ಮರದಿಂದ ಏನನ್ನೂ ಕದಿಯುವುದಿಲ್ಲ. ನಿಮ್ಮ ಕಡೆಯ ಸೀತಾಳೆ ದಂಡೆಯನ್ನೇ ಅವರಿಗೆ ತೋರಿಸಿ. ಅದೂ ಮರದ ಮೇಲಿನ ಆರ್ಕಿಡ್ಡೇ. ಅದರಿಂದ ಸತ್ತ ಮರ ನೋಡಿದ್ದೀರಾ ಅಂತ ಕೇಳಿ.

ಹಾಗಂತ ಈಗಲೇ ಮರಕ್ಕೆ ಕಟ್ಟಬೇಡಿ. ಶಿರಸಿಯ ಮಳೆಗಾಲ ಈ ಗಿಡಕ್ಕೆ ಕಷ್ಟ. ಇದಕ್ಕೆ ಇರುವುದು ಒಂದೇ ಸುಳಿ. ಎಲೆಗಳ ಸಂದಿಯಲ್ಲಿ ದಿನಗಟ್ಟಲೆ ನೀರು ನಿಂತು ಸುಳಿ ಕೊಳೆತರೆ ಹೆಚ್ಚಿನ ಸಲ ಗಿಡವೇ ಹೋಗುತ್ತದೆ. ಮರದ ಪಟ್ಟಿಯ ಬುಟ್ಟಿಯಲ್ಲಿ ದೊಡ್ಡ ದೊಡ್ಡ ಇದ್ದಿಲ ತುಂಡು, ಹೆಂಚಿನ ಚೂರು, ಸಿಕ್ಕರೆ ಮರದ ತೊಗಟೆ ಹಾಕಿ, ಗಿಡವನ್ನು ಅದರಲ್ಲಿ ಕೂರಿಸಿ ಜಗಲಿಯ ಸೂರಿಗೆ ನೇತುಹಾಕಿ. ಬೆಳಗಿನ ಎಳೆ ಬಿಸಿಲು ಬೀಳಲಿ, ಮಧ್ಯಾಹ್ನ ನೆರಳಿರಲಿ. ಗಿಡ ಬದಲಿಸುವಾಗ ಆತುರ ಬೇಡ. ಬೇರು ಕುಂಡಕ್ಕೆ ಅಂಟಿದ್ದರೆ ಕೀಳಬೇಡಿ, ಪ್ಲಾಸ್ಟಿಕ್ಕನ್ನೇ ಕತ್ತರಿಸಿ ತೆಗೆಯಿರಿ, ಅಂಟಿದ ಚೂರು ಬೇರಿನ ಜೊತೆ ಹಾಗೇ ಹೋಗಲಿ. ಬೇರು ಮುರಿದರೆ ಈ ಜಾತಿ ಸುಲಭಕ್ಕೆ ಸುಧಾರಿಸಿಕೊಳ್ಳುವುದಿಲ್ಲ, ಒಂದೆರಡು ವರ್ಷ ಸುಮ್ನೆ ಕೂತುಬಿಡುತ್ತದೆ.

ಹೂವಿಗೂ ಪತಂಗಕ್ಕೂ ಸಂಬಂಧ ಇಲ್ಲ. ಪತಂಗ ಬೇಕಾಗುವುದು ಕಾಯಿ ಕಟ್ಟಲು, ಹೂ ಬಿಡಲು ಅಲ್ಲ. ಬೀಜದಿಂದ ಬಂದ ಗಿಡ ಹೂವಿಗೆ ಬರಲು ಆರೇಳು ವರ್ಷ ಹಿಡಿಯುವುದುಂಟು. ನಿಮ್ಮದು ಇನ್ನೂ ಚಿಕ್ಕದಿರಬಹುದು. ನಮ್ಮಲ್ಲಿ ಇದು ಹೂ ಬಿಡುವುದು ಚಳಿಗಾಲದಲ್ಲಿ. ಮೊಗ್ಗು ಕಂಡ ಮೇಲೆ ಬುಟ್ಟಿಯ ಜಾಗ ಬದಲಿಸಬೇಡಿ. ಎಲೆಯ ಬುಡದಿಂದ ತೊಟ್ಟು ಬಂದು, ಹಸಿರಾಗಿ ಅರಳಿ, ಆಮೇಲೆ ಮೇಣದ ಹಾಗೆ ಬೆಳ್ಳಗಾಗುತ್ತದೆ. ಹಗಲಲ್ಲಿ ಮೂಸಿ ವಾಸನೆಯೇ ಇಲ್ಲ ಅಂದುಕೊಳ್ಳಬೇಡಿ, ಕತ್ತಲಾದ ಮೇಲೆ ಹತ್ತಿರ ಹೋಗಿ.

ಪ್ರಶ್ನೆ: ಈ ಹೂವಿನ ಹಿಂದೆ ಬಾಲದಂಥ ಉದ್ದದ ಕೊಳವೆ ಇರುತ್ತದಂತೆ. ಅಷ್ಟುದ್ದ ಯಾಕೆ? ಡಾರ್ವಿನ್ ಹೆಸರು ಹೇಗೆ ಬಂತು?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ನನಗೆ ತುಂಬಾ ಇಷ್ಟದ ವಿಷಯ ಕೇಳಿದ್ದೀರಿ. ಗಿಡದ ಹೆಸರು ಅಂಗ್ರೇಕಮ್ ಸೆಸ್ಕ್ವಿಪೆಡಾಲೆ. ಮಲಯ ಭಾಷೆಯಲ್ಲಿ ಆರ್ಕಿಡ್‌ಗೆ ಅಂಗ್ರೆಕ್ ಅಂತಾರೆ, ಮೊದಲ ಪದ ಅಲ್ಲಿಂದ ಬಂತು. ಎರಡನೆಯದು ಲ್ಯಾಟಿನ್, ಒಂದೂವರೆ ಅಡಿ ಅಂತ ಅರ್ಥ. ಒಂದೂವರೆ ಅಡಿ ಅನ್ನುವುದು ಸ್ವಲ್ಪ ಜಾಸ್ತಿಯಾಯಿತು, ಕೊಳವೆ ಸಾಮಾನ್ಯವಾಗಿ ಒಂದಡಿಯ ಆಸುಪಾಸು.

1862ರಲ್ಲಿ ಜೇಮ್ಸ್ ಬೇಟ್‌ಮನ್ ಎಂಬ ಆರ್ಕಿಡ್ ಪ್ರೇಮಿ ಡಾರ್ವಿನ್‌ಗೆ ಈ ಹೂಗಳನ್ನು ಕಳಿಸಿದರು. ಡಾರ್ವಿನ್ ಅಳೆದು ನೋಡಿದರು: ಹನ್ನೊಂದೂವರೆ ಇಂಚು. ಅದರಲ್ಲಿ ಮಕರಂದ ಇದ್ದದ್ದು ತಳದ ಒಂದೂವರೆ ಇಂಚಿನಲ್ಲಿ ಮಾತ್ರ. ಅಷ್ಟು ಆಳಕ್ಕೆ ನಾಲಿಗೆ ಹಾಕುವ ಪತಂಗ ಮಡಗಾಸ್ಕರ್‌ನಲ್ಲಿ ಇರಲೇಬೇಕು ಎಂದು ಅದೇ ವರ್ಷ ಬರೆದರು. ಅಂಥ ಪತಂಗವನ್ನು ಅಲ್ಲಿ ಆಗ ಯಾರೂ ಕಂಡಿರಲಿಲ್ಲ. 1867ರಲ್ಲಿ, ಡಾರ್ವಿನ್ ಹಾಗೆಯೇ ವಿಕಾಸವಾದ ಮಂಡಿಸಿದ್ದ ವಿಜ್ಞಾನಿ ವ್ಯಾಲೇಸ್ ಕೂಡ ಅದೇ ಮಾತು ಹೇಳಿ, ಖಗೋಳ ವಿಜ್ಞಾನಿಗಳು ಲೆಕ್ಕ ಹಾಕಿ ನೆಪ್ಚೂನ್ ಗ್ರಹವನ್ನು ಹುಡುಕಿದಷ್ಟೇ ನಂಬಿಕೆಯಿಂದ ಹುಡುಕಿ ಎಂದರು. ಡಾರ್ವಿನ್ ತೀರಿಕೊಂಡದ್ದು 1882ರಲ್ಲಿ. ಪತಂಗಕ್ಕೆ ಹೆಸರಿಟ್ಟದ್ದು 1903ರಲ್ಲಿ. ಮೊದಲೇ ಹೇಳಿದ್ದು ಎಂಬ ಅರ್ಥ ಬರುವ ಹಾಗೆ ಪ್ರೆಡಿಕ್ಟಾ ಅಂತ ಸೇರಿಸಿದರು. ಅದು ಈ ಹೂವಿನಿಂದ ಮಕರಂದ ಹೀರುವುದನ್ನು ಕಣ್ಣಾರೆ ಕಂಡದ್ದು ಇನ್ನೂ ತಡ, 1992ರಲ್ಲಿ! ನೂರಮೂವತ್ತು ವರ್ಷ. ಬರೀ ಹೂವಿನ ಆಕಾರ ನೋಡಿ ಹೇಳಿದ ಮಾತು ಅದು, ನೆನೆದಾಗಲೆಲ್ಲ ಮೈ ಜುಮ್ ಅನ್ನುತ್ತದೆ.

ಇನ್ನು ಉದ್ದ ಯಾಕೆ? ಕೊಳವೆ ಗಿಡ್ಡ ಇದ್ದರೆ ಪತಂಗ ದೂರದಲ್ಲೇ ಹಾರಾಡುತ್ತ ಕುಡಿದು ಹೋಗುತ್ತದೆ, ಪರಾಗ ಅದಕ್ಕೆ ಅಂಟುವುದೇ ಇಲ್ಲ. ಕೊಳವೆ ಉದ್ದ ಇದ್ದರೆ ಕೊನೆಯ ಹನಿಗಾಗಿ ತಲೆಯನ್ನು ಹೂವಿಗೆ ಒತ್ತಲೇಬೇಕು. ಆಗ ಪರಾಗದ ಗಂಟು ಅಂಟಿಕೊಳ್ಳುತ್ತದೆ. ಹೀಗೆ ಉದ್ದ ಕೊಳವೆಯ ಹೂಗಳಿಗೆ ಕಾಯಿ ಜಾಸ್ತಿ, ಉದ್ದ ನಾಲಿಗೆಯ ಪತಂಗಕ್ಕೆ ಊಟ ಜಾಸ್ತಿ. ತಲೆಮಾರಿನಿಂದ ತಲೆಮಾರಿಗೆ ಎರಡೂ ಉದ್ದವಾಗುತ್ತ ಹೋದವು, ಇದು ಡಾರ್ವಿನ್ ವಿವರಣೆ. ಹೂವಿನ ಮೇಲೆ ಹೊಂಚು ಹಾಕಿ ಕೂರುವ ಜೇಡಗಳಿಂದ ದೂರ ಇರಲು ಪತಂಗದ ನಾಲಿಗೆ ಮೊದಲು ಉದ್ದವಾಯಿತು, ಹೂ ಆಮೇಲೆ ಅದಕ್ಕೆ ಹೊಂದಿಕೊಂಡಿತು ಎಂದು ವಾಸರ್‌ಥಾಲ್ ಎಂಬ ಜರ್ಮನ್ ವಿಜ್ಞಾನಿ ವಾದಿಸಿದ್ದಾರೆ. ನನಗೆ ಡಾರ್ವಿನ್ ಮಾತೇ ಹೆಚ್ಚು ಸರಿ ಅನ್ನಿಸುತ್ತದೆ.

ಪ್ರಶ್ನೆ: "ಕಾಡಿನಿಂದಲೇ ತಂದ ಅಸಲಿ ಗಿಡ" ಅಂತ ಆನ್‌ಲೈನ್‌ನಲ್ಲಿ ಒಬ್ಬರು ಮಾರುತ್ತಿದ್ದಾರೆ. ತರಿಸಲೇ?
– ಓದುಗರು, ಬೆಂಗಳೂರು

ಉತ್ತರ: ಬೇಡ, ದಯವಿಟ್ಟು ಬೇಡ. ಮಡಗಾಸ್ಕರ್‌ನ ಪೂರ್ವದ ಕಾಡು ಭತ್ತಕ್ಕಾಗಿ ಕಡಿದು ಸುಡುವುದರಿಂದ, ಇದ್ದಿಲಿಗಾಗಿ ಕಡಿಯುವುದರಿಂದ ಕರಗುತ್ತಾ ಇದೆ. ಮರ ಬಿದ್ದರೆ ಅದರ ಮೇಲಿನ ಆರ್ಕಿಡ್ ಕೂಡ ಬಿತ್ತು. ಉಳಿದದ್ದನ್ನೂ ನಾವು ಕಿತ್ತು ತಂದರೆ ಆ ಪತಂಗ ಎಲ್ಲಿಗೆ ಹೋಗಬೇಕು? ಇದರ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಆಹಾರದ ಗಂಟೇ ಇಲ್ಲ. ಸರಿಯಾದ ಶಿಲೀಂಧ್ರದ ಜೊತೆ ಸಿಕ್ಕರೆ ಮಾತ್ರ ಕಾಡಿನಲ್ಲಿ ಮೊಳೆಯುತ್ತದೆ. ಹಾಗಾಗಿ ಕಿತ್ತ ಜಾಗಕ್ಕೆ ಹೊಸ ಗಿಡ ಬೇಗ ಬರುವುದಿಲ್ಲ. ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಎರಡನೇ ಪಟ್ಟಿಯಲ್ಲೂ ಈ ಗಿಡ ಇದೆ, ಪರವಾನಗಿ ಇಲ್ಲದೆ ದೇಶದಿಂದ ದೇಶಕ್ಕೆ ಸಾಗಿಸುವುದು ಅಪರಾಧ.

ಲ್ಯಾಬಿನ ಬಾಟಲಿಯಲ್ಲಿ ಬೀಜದಿಂದ ಬೆಳೆಸಿದ ಗಿಡಗಳು ನರ್ಸರಿಗಳಲ್ಲಿ ಸಿಗುತ್ತವೆ. ಅವೂ ಅಷ್ಟೇ ಅಸಲಿ. ಕೊಳ್ಳುವಾಗ ಎಲೆಗಿಂತ ಬೇರು ನೋಡಿ. ಎಲ್ಲಿಂದ ಬಂತು ಅಂತ ಕೇಳಿ. ಉತ್ತರ ತಡವರಿಸಿದರೆ ಬಿಟ್ಟು ಬನ್ನಿ.