ಅಮೂರ್ತ ಚಿತ್ರ ನೋಡೋದು ಹೇಗೆ? ಹೆಚ್ಚು ಹೆಸರಾಗದ ಅಮೂರ್ತ ಕಲಾವಿದರನ್ನು ಹುಡುಕೋದು ಹೇಗೆ?

ಅಮೂರ್ತ ಚಿತ್ರದ ಮುಂದೆ ನಿಂತರೆ ಏನೂ ಹೊಳೆಯಲ್ಲ ಅಂದಿದ್ದೀರಿ. ಪಿಕಾಸೊ, ಎಸ್. ಎಚ್. ರಜಾ ಬಿಟ್ಟು ಬೇರೆ ಯಾರನ್ನು ನೋಡಲಿ ಅಂತಲೂ ಕೇಳಿದ್ದೀರಿ. ಪಿಕಾಸೊನನ್ನು ಈ ಪಟ್ಟಿಯಿಂದ ತೆಗೆದುಬಿಡಿ. ಅವನ ಚಿತ್ರದಲ್ಲಿ ಮುಖ, ಗಿಟಾರು ಚೂರುಚೂರಾಗಿದ್ದರೂ ಇದ್ದೇ ಇರುತ್ತವೆ. ಅಮೂರ್ತದಲ್ಲಿ ಹಾಗೆ ಹುಡುಕಿ ಹಿಡಿಯುವ ವಸ್ತುವೇ ಇರುವುದಿಲ್ಲ. ಆದ್ದರಿಂದ ‘ಇದು ಏನು?’ ಅನ್ನುವುದನ್ನು ಬಿಟ್ಟು ‘ಇದನ್ನು ಹೇಗೆ ಮಾಡಿದ್ದಾರೆ?’ ಎಂದು ಕೇಳಿ. ಕಣ್ಣಿಗೆ ತಕ್ಷಣ ಕೆಲಸ ಸಿಗುತ್ತದೆ.

ನಮ್ಮ ದೇಶದ ಅಮೂರ್ತ ಕಲಾವಿದ ವಿ. ಎಸ್. ಗಾಯ್ತೊಂಡೆ (1924–2001) ಅವರ ಒಂದು ಕ್ಯಾನ್ವಾಸ್ ತೆಗೆದುಕೊಳ್ಳಿ. ಅವರು ಹೆಚ್ಚಾಗಿ ಬಳಸಿದ್ದು ರೋಲರ್ ಮತ್ತು ಪ್ಯಾಲೆಟ್ ನೈಫ್ (ಬಣ್ಣ ಹಚ್ಚುವ, ಕೆರೆಯುವ ಚಪ್ಪಟೆ ಚಾಕು). ತೈಲವರ್ಣವನ್ನು ತೆಳುವಾಗಿ ಪದರದ ಮೇಲೆ ಪದರ ಎಳೆದು, ಅಲ್ಲಲ್ಲಿ ಕೆರೆದು, ಕೆಲವೆಡೆ ಕಾಗದದ ತುಂಡು ಒತ್ತಿ ಎತ್ತುತ್ತಿದ್ದರು. ಒಂದು ಮೀಟರ್ ದೂರದಲ್ಲಿ ನಿಂತು ಅಂಚುಗಳನ್ನು ನೋಡಿ: ಎಲ್ಲಿ ಕೆಳಗಿನ ಬಣ್ಣ ಇಣುಕುತ್ತಿದೆ, ಯಾವ ಅಂಚು ಚೂಪು, ಯಾವುದು ಹರಿದ ಹಾಗಿದೆ? ಆಮೇಲೆ ನಾಲ್ಕು ಮೀಟರ್ ಹಿಂದೆ ಸರಿಯಿರಿ. ಹತ್ತಿರದಲ್ಲಿ ಬರೀ ಬಣ್ಣದ ಮಚ್ಚೆಯಾಗಿದ್ದದ್ದು ಈಗ ಬಣ್ಣದ ಆಳದಲ್ಲಿ ತೇಲುತ್ತದೆ. ಒಂದು ಚಿತ್ರಕ್ಕೆ ಹತ್ತು ನಿಮಿಷ ಕೊಡಿ. ಮೊದಲ ಎರಡು ನಿಮಿಷ ಬೇಸರವಾಗುತ್ತದೆ, ಆಗ ಹೊರಡಬೇಡಿ.

ಹೆಚ್ಚಿನವರು ಎಡವುವುದು ಬಣ್ಣದ ಮಚ್ಚೆಗಳಲ್ಲಿ ಮೋಡ, ಮೀನು, ಮುಖ ಹುಡುಕುವುದರಲ್ಲಿ. ಒಮ್ಮೆ ಮುಖ ಸಿಕ್ಕಿತೋ, ಕಣ್ಣು ಅಲ್ಲೇ ಅಂಟಿಕೊಂಡು ಉಳಿದದ್ದೆಲ್ಲ ಮರೆಯಾಗುತ್ತದೆ. ಹಾಗಾದರೆ ನೋಟವನ್ನು ಕ್ಯಾನ್ವಾಸಿನ ನಾಲ್ಕು ಮೂಲೆಗೆ ಒಯ್ಯಿರಿ.

ಇನ್ನೊಂದು ತೊಡಕು ಮೊಬೈಲು. ಅಲ್ಲಿ ಅಳತೆಯೇ ಕಳೆದುಹೋಗುತ್ತದೆ. ಗಾಯ್ತೊಂಡೆಯವರ ಅನೇಕ ಚಿತ್ರಗಳು ಸುಮಾರು 60×40 ಇಂಚು. ಮನೆಯ ಗೋಡೆಯ ಮೇಲೆ ಟೇಪಿನಲ್ಲಿ ಅಷ್ಟು ಚೌಕಟ್ಟು ಹಾಕಿ ಎದುರು ನಿಲ್ಲಿ, ಎದುರಿಗೊಬ್ಬ ಆಳು ನಿಂತಷ್ಟು ಜಾಗ ಅದು. ನಸ್ರೀನ್ ಮೊಹಮ್ಮದಿ (1937–1990) ಅವರ ರೇಖಾಚಿತ್ರಗಳಿಗಂತೂ ಪರದೆ ಅನ್ಯಾಯವನ್ನೇ ಮಾಡುತ್ತದೆ. ಕಾಗದದ ಮೇಲೆ ಶಾಯಿ, ಪೆನ್ಸಿಲ್ಲಿನ ಕೂದಲೆಳೆಯಂಥ ಗೆರೆಗಳವು. ಚಿತ್ರ ಚಿಕ್ಕದಾದಾಗ ಗೆರೆಗಳ ನಡುವೆ ಇಲ್ಲದ ಅಲೆಗಳು ಕಾಣುತ್ತವೆ. ಪೂರ್ತಿ ಹಿಗ್ಗಿಸಿ, ಒಂದೇ ಗೆರೆಯನ್ನು ಕೊನೆಯವರೆಗೆ ಹಿಂಬಾಲಿಸಿ. ಎಲ್ಲಿ ತೆಳುವಾಯಿತು, ಪಕ್ಕದ ಗೆರೆಯಿಂದ ಎಷ್ಟು ದೂರ ಸರಿಯಿತು ಎಂದು ಗಮನಿಸಿದರೆ ಕಾಗದ ವಾಲಿದಂತೆ ಭಾಸವಾಗುವುದೇಕೆ ಎಂದು ಗೊತ್ತಾಗುತ್ತದೆ. ನನ್ನ ಪ್ರಕಾರ ಶುರು ಮಾಡಲು ಇವರಷ್ಟು ಒಳ್ಳೆಯ ಗುರು ಇಲ್ಲ.

ಇನ್ನು ಹುಡುಕಾಟ. ‘ಶ್ರೇಷ್ಠ ಹತ್ತು’ ಪಟ್ಟಿಗಳಲ್ಲಿ ಅವವೇ ಹೆಸರು ತಿರುಗುತ್ತವೆ. ಅದರ ಬದಲು ಒಂದು ಹಳೆಯ ಪ್ರದರ್ಶನ ಹಿಡಿದು, ಅದರಲ್ಲಿದ್ದ ಎಲ್ಲರನ್ನೂ ನೋಡಿ. 1963ರಲ್ಲಿ ದೆಹಲಿಯಲ್ಲಿ ‘ಗ್ರೂಪ್ 1890’ ಎಂಬ ಹನ್ನೆರಡು ಮಂದಿ ಒಟ್ಟಾಗಿ ಪ್ರದರ್ಶನ ಮಾಡಿದರು. ಜೆ. ಸ್ವಾಮಿನಾಥನ್ ಹೆಸರು ಕೇಳಿರುತ್ತೀರಿ. ಅದೇ ಗುಂಪಿನ ಜೇರಾಮ್ ಪಟೇಲ್ (1930–2016) ಬ್ಲೋಟಾರ್ಚ್ ಎಂಬ ಬೆಂಕಿಯುಗುಳುವ ಉಪಕರಣದಿಂದ ಮರದ ಹಲಗೆ ಸುಟ್ಟು ಚಿತ್ರ ಮಾಡಿದವರು. ಸುಟ್ಟ ಗುಂಡಿಯ ಕರಿ ಅಂಚು, ಪಕ್ಕದಲ್ಲೇ ಸುಡದ ಮರ, ಎರಡನ್ನೂ ನೋಡಿ. ಅಂಬಾದಾಸ್ ಮತ್ತು ಎರಿಕ್ ಬೋವೆನ್ ಇಬ್ಬರೂ ನಾರ್ವೆಯಲ್ಲಿ ನೆಲೆಸಿದರು, ಇಲ್ಲಿಯವರಿಗೆ ಅವರ ಹೆಸರು ಪರಿಚಯವಾಗದಿರಲು ಅದೂ ಒಂದು ಕಾರಣ. ಹನ್ನೆರಡೂ ಜನ ಅಮೂರ್ತ ಕಲಾವಿದರಲ್ಲ, ಅವರಲ್ಲೊಬ್ಬರಾದ ಗುಲಾಮ್ ಮೊಹಮ್ಮದ್ ಶೇಖ್ ಮುಂದೆ ಕಥೆ ಹೇಳುವ ಚಿತ್ರಗಳತ್ತ ಹೋದರು.

ಹೊರದೇಶದ ಕಲಾವಿದರಲ್ಲಿ ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ (1862–1944), ಲೆಬನಾನಿನ ಸಲುವಾ ರೌದಾ ಶುಕೇರ್ (1916–2017) ಅವರನ್ನು ನೋಡಿ. ಹಿಲ್ಮಾ 1907ರಲ್ಲೇ ಆಳೆತ್ತರ ಮೀರಿದ ಅಮೂರ್ತ ಚಿತ್ರ ಬರೆದಿದ್ದರು; ತಾವು ಸತ್ತ ಮೇಲೂ ಇಪ್ಪತ್ತು ವರ್ಷ ತೋರಿಸಬಾರದು ಎಂದು ಹೇಳಿಟ್ಟಿದ್ದರು.

ಹೆಸರು ಸಿಕ್ಕ ಮೇಲೆ ಹರಾಜು ಸಂಸ್ಥೆಗಳ ಜಾಲತಾಣದಲ್ಲಿ ಹುಡುಕಿ. ಬೆಲೆಗಾಗಿ ಅಲ್ಲ, ಅಳತೆ, ವರ್ಷ, ಮಾಧ್ಯಮ ಅಲ್ಲಿ ನಿಖರವಾಗಿ ಕೊಟ್ಟಿರುತ್ತಾರೆ. ಬೆಂಗಳೂರಲ್ಲಿದ್ದರೆ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಬಿಡುವಿನ ದಿನ ಬೆಳಗ್ಗೆಯೇ ಹೋಗಿ, ಸೋಮವಾರ ರಜೆ. ಮೂರೇ ಚಿತ್ರ ಆರಿಸಿ. ಕಾಗದದ ಕೃತಿಗಳಿಗೆ ಗಾಜು ಹಾಕಿರುತ್ತಾರೆ, ನಿಮ್ಮದೇ ಪ್ರತಿಬಿಂಬ ಅಡ್ಡ ಬಂದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ.