ಮೆಟಲ್ ಹುಟ್ಟಿದ್ದು ತಗಡಿನ ಕಾರ್ಖಾನೆಯ ಊರಲ್ಲಿ

ರಾಕ್ ಸಂಗೀತದ ಭಾರವಾದ, ಅಬ್ಬರದ ರೂಪವಾದ ಹೆವಿ ಮೆಟಲ್ ಶುರು ಮಾಡಿದ್ದು ಯಾವ ಬ್ಯಾಂಡ್, ಲೆಡ್ ಜೆಪ್ಲಿನ್ನೋ ಬ್ಲ್ಯಾಕ್ ಸಬ್ಬತ್ತೋ ಅಂತ ಕೇಳಿದ್ದೀರಿ. ನನ್ನ ಮಟ್ಟಿಗೆ ಸಬ್ಬತ್. ಜೆಪ್ಲಿನ್‌ನಲ್ಲಿ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಳೆಯ ಸಂಗೀತ) ಇನ್ನೂ ಜಾಸ್ತಿ ಕೇಳಿಸುತ್ತದೆ, ಅಲ್ವಾ?

ಸಬ್ಬತ್‌ನ ಗಿಟಾರ್ ವಾದಕ ಟೋನಿ ಅಯೋಮಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿದ್ದರು. 17ನೇ ವಯಸ್ಸಿನಲ್ಲಿ, ಕೆಲಸದ ಕೊನೆಯ ದಿನವೇ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋದವು. ಅವರು ಎಡಚರು, ತಂತಿ ಒತ್ತುವುದೇ ಆ ಕೈ! ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು, ಮೇಲೆ ಲೆದರ್ ಚೂರು ಅಂಟಿಸಿದರು. ಒತ್ತಲು ಸುಲಭವಾಗಲೆಂದು ಗಿಟಾರ್‌ಗೆ ತೆಳು ತಂತಿ ಹಾಕಿದರು. 1971ರ ಹೊತ್ತಿಗೆ ತಂತಿ ಸಡಿಲಿಸಿ ಶ್ರುತಿಯನ್ನೇ ಇಳಿಸಿದರು, ನಾದ ಇನ್ನೂ ಭಾರವಾಯಿತು.

1970ರ ಫೆಬ್ರವರಿಯಲ್ಲಿ ಬಂದ ಸಬ್ಬತ್‌ನ ಮೊದಲ ಆಲ್ಬಮ್‌ನ ಮೊದಲ ಹಾಡು ಕೇಳಿ. ಮಳೆ, ಗಂಟೆ, ಆಮೇಲೆ ಮೂರೇ ಸ್ವರ: ಷಡ್ಜ, ಮೇಲಿನ ಷಡ್ಜ, ಪ್ರತಿ ಮಧ್ಯಮ (ಏರಿಸಿದ ‘ಮ’). ಆ ಪ್ರತಿ ಮಧ್ಯಮಕ್ಕೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.